ಗಿರಣಿ ಗಲ್ಲಿ ಹೈಸ್ಕೂಲಿನ ಗಣ್ಯರು

ಬಾಯಲ್ಲಿ ಬಿಸಿ ಬಟಾಟೆವಡೆ ಇರುವಾಗ ಮನುಷ್ಯನಾದವನು ತನ್ನ ಶಾಲೆಯ ಮಾತು ಎತ್ತಬಾರದು. ಈ ಸಣ್ಣ ನಿಯಮ ಗೊತ್ತಿದ್ದಿದ್ದರೆ ವಿಲೆ ಪಾರ್ಲೆಯ ಸುಯೋಗ್ ಸೊಸೈಟಿಯ ನಾಣಿ, ಅಂದರೆ ಬಾಗಿಲ ಮೇಲಿನ ಹಲಗೆಯ ಪ್ರಕಾರ ಎಚ್. ಎಸ್. ನಾರಾಯಣ ರಾವ್, ನಿವೃತ್ತ, ಆ ಜನವರಿಯನ್ನೂ ಎಂದಿನಂತೆ ಪೇಪರು ಓದುತ್ತ, ಹೆಂಡತಿ ವಿಮಲಾಳಿಂದ ಬೈಸಿಕೊಳ್ಳುತ್ತ ಸುಖವಾಗಿ ಕಳೆದುಬಿಡುತ್ತಿದ್ದ.

ಸುಯೋಗ್ ಸೊಸೈಟಿಯಲ್ಲಿ ಒಂದು ಪದ್ಧತಿ ಉಂಟು. ಪ್ರತಿ ಜನವರಿ ಇಪ್ಪತ್ತಾರಕ್ಕೆ ಬಾವುಟ ಹಾರಿಸಲು ಯಾರಾದರೊಬ್ಬ ಸದಸ್ಯರು ತಮ್ಮ ಶಾಲೆಯಲ್ಲಿ ಓದಿದ ಗಣ್ಯರೊಬ್ಬರನ್ನು ಕರೆಸಬೇಕು. ಪದ್ಧತಿ ಹಾಕಿದವರು ಸೆಕ್ರೆಟರಿ ಕಾಶಿನಾಥ ಸಬ್ನೀಸರು. ಯಾಕೆ ಹಾಕಿದರು ಎಂದರೆ, ಅವರ ಶಾಲೆಯಿಂದ ಒಬ್ಬ ಅಡ್ಮಿರಲ್, ಒಬ್ಬ ಹೃದಯದ ಡಾಕ್ಟರು, ಧಾರಾವಾಹಿಗಳಲ್ಲಿ ಮಾವನ ಪಾತ್ರ ಮಾಡುವ ಒಬ್ಬ ನಟ, ಇಷ್ಟು ಜನ ಹೊರಬಿದ್ದಿದ್ದರು. ಮೂವರೂ ಬಂದು ಹೋಗಿಯಾಗಿತ್ತು. ಉಳಿದವರ ಶಾಲೆಗಳಿಂದಲೂ ಒಬ್ಬ ಕಮಿಷನರು, ಒಬ್ಬಳು ಗಾಯಕಿ ಬಂದು ಚಪ್ಪಾಳೆ ಗಿಟ್ಟಿಸಿದ್ದರು. ನಾಣಿ ಮಾತ್ರ ಪ್ರತಿವರ್ಷ ಕುರ್ಚಿ ಹಾಕುವುದು, ಕುರ್ಚಿ ಮಡಚುವುದು, ಇಷ್ಟರಲ್ಲೇ ತೃಪ್ತನಾಗಿದ್ದ.

ಈ ವರ್ಷದ ಮೀಟಿಂಗಿನಲ್ಲಿ ಸಬ್ನೀಸರು ಕನ್ನಡಕ ಹಣೆಗೇರಿಸಿ ಮರಾಠಿಯಲ್ಲಿ ಕೇಳಿದರು. “ಕಾಯ್ ರಾವ್‌ಸಾಹೇಬ್, ತುಮಚ್ಯಾ ಶಾಳೇತ್‌ಲಾ ಕೋಣೀಚ್ ನಾಹೀ?” ನಿಮ್ಮ ಶಾಲೆಯವರು ಯಾರೂ ಇಲ್ಲವೇ ಎಂದು.

ಮೂರನೇ ಮಹಡಿಯ ವಿನೋದಿನಿಬೆನ್ ನಾಣಿಯ ಪರವಾಗಿ ತಾವೇ ಉತ್ತರ ಕೊಟ್ಟರು. ಮುನ್ಸಿಪಾಲಿಟಿ ನಲ್ಲಿಯಿಂದ ನೀರೇ ಹೊರಗೆ ಬರುವುದಿಲ್ಲ, ಮುನ್ಸಿಪಾಲಿಟಿ ಶಾಲೆಯಿಂದ ಯಾರು ಹೊರಗೆ ಬಂದಾರು ಎಂಬ ಅರ್ಥದ ಹಿಂದಿ ಮಾತು ಅದು. ಸಭೆ ನಕ್ಕಿತು. ಕೆಟ್ಟ ನಗೆಯೇನಲ್ಲ, ಮನೆಯವರ ಹಾಗೆಯೇ ನಕ್ಕರು. ಆದರೂ ನಾಣಿಗೆ ನಾಟಿತು. ಕೈಯಲ್ಲಿದ್ದ ವಡೆಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಎದ್ದು ನಿಂತ.

“ಹೈ! ಕೊರಗಪ್ಪ! ರನ್ನರ್! ಪೂರಾ ಬಾಂಬೆ ಮೇಂ ಫಸ್ಟ್!”

“ಇಂಟರ್ ಸ್ಕೂಲ್?” ಎಂದರು ಸಬ್ನೀಸರು. ನಾಣಿ ತಲೆ ಆಡಿಸಿದ. ಅದು ಸತ್ಯವೇ. “ಸ್ಟೇಟ್?” ವಡೆ ನಾಲಿಗೆ ಸುಡುತ್ತಿತ್ತು. ನಾಣಿ ಕೈ ಬೀಸಿ ಗಾಳಿ ಹಾಕಿಕೊಂಡ. ಸ್ಟೇಟ್ ಎಲ್ಲ ಏನು ಮಹಾ ಎಂಬಂತೆ ಕಂಡಿತು. “ನ್ಯಾಷನಲ್?” ಸರಿಯಾಗಿ ಆ ಹೊತ್ತಿಗೆ ಒಳಗಿದ್ದ ಹಸಿಮೆಣಸಿನಕಾಯಿ ಹಲ್ಲಿಗೆ ಸಿಕ್ಕಿತು. ನಾಣಿಯ ಎರಡೂ ಕಣ್ಣುಗಳಿಂದ ನೀರು ಇಳಿಯಿತು. ದೇಶಕ್ಕಾಗಿ ಓಡಿದ ಗೆಳೆಯನನ್ನು ನೆನೆದು ಅಳುವ ಇಂಥ ಹಿರಿಯರನ್ನು ಸೊಸೈಟಿ ಅದುವರೆಗೆ ಕಂಡಿರಲಿಲ್ಲ. ನಗುತ್ತಿದ್ದವರೆಲ್ಲ ಗಂಭೀರರಾದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಮೌನವೇ ಸಮ್ಮತಿ ಎನ್ನುತ್ತಾರೆ. ಮೆಣಸಿನಕಾಯಿ ಸಮ್ಮತಿಗಿಂತಲೂ ಮುಂದೆ ಹೋಗುತ್ತದೆ. ನೀರು ಕುಡಿದು ನಾಣಿ ಮಾತಾಡುವ ಸ್ಥಿತಿಗೆ ಬರುವಷ್ಟರಲ್ಲಿ ಸುದ್ದಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಸಂಜೆಗೆ ಕೊರಗಪ್ಪ ರಾಷ್ಟ್ರೀಯ ಚಾಂಪಿಯನ್ ಆದ. ಮಾರನೇ ದಿನ ಹಾಲು ಬರುವ ಹೊತ್ತಿಗೆ ಏಷ್ಯಾ ಮಟ್ಟಕ್ಕೆ ಏರಿದ. ಸೊಸೆ ಸಂಹಿತಾ ಹುಟ್ಟಿದ್ದೂ ಬೆಳೆದಿದ್ದೂ ಮುಂಬಯಿಯಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧಕ್ಕೇ ಹಿಂದಿ ಹತ್ತಿಬಿಡುತ್ತಾಳೆ. ಅವಳು ಕಂಪ್ಯೂಟರಿನಲ್ಲಿ ಒಂದು ಪೋಸ್ಟರು ಮಾಡಿದಳು. ಅದರಲ್ಲಿ ಕಬ್ಬಿಣದ ತೊಡೆಗಳ ಯಾರೋ ಆಫ್ರಿಕಾದವನು ಗಾಳಿಯಲ್ಲಿ ಹಾರುತ್ತಿದ್ದ.

“ಮಾವ, ಫೋಟೋ ನಿಮ್ಮ ಫ್ರೆಂಡ್‌ದು ಅಲ್ಲ, ಬಟ್ ಫೀಲಿಂಗ್ ತೋ ವಹೀ ಹೈ ನಾ?” ಎಂದಳು.

ವಿಮಲಾ ಬೆಂಗಳೂರಿನ ಚಾಮರಾಜಪೇಟೆಯ ಹೆಣ್ಣು. ಅವಳು ಓದಿದ ಶಾಲೆಯಿಂದ ಹೈಕೋರ್ಟಿನ ಜಡ್ಜಿಗಳೇ ಬಂದಿದ್ದರಂತೆ. ಮದುವೆಯಾದ ದಿನದಿಂದ ಅವರ ಹೆಸರುಗಳನ್ನು ಕೇಳಿ ಕೇಳಿ ನಾಣಿಗೆ ಕಾನೂನೇ ಬಂದುಬಿಟ್ಟಿತ್ತು.

“ರೀ, ಕೊರಗಪ್ಪ ಅಂದ್ರೆ ಪರೇಲಲ್ಲಿ ಹೋಟ್ಲು ಇಟ್ಟಿರೋರಲ್ವಾ? ನಮ್ಮ ಮಗ ಅಚಿಂತ್ಯನ ಮುಂಜಿಗೆ ಬಂದಿದ್ರು. ಎಲೆ ಮುಂದೆ ಕೂತ್ಕೊಳಕ್ಕೆ ಹೊಟ್ಟೆ ಬಿಡ್ಲಿಲ್ಲ ಅಂತ ಟೇಬಲ್ ಹಾಕಿಸ್ದೆ.”

“ಓಡಿದೋರು ಹೋಟ್ಲು ಇಡಬಾರದು ಅಂತ ಕಾನೂನಿದ್ಯೇನೆ?”

“ಹೋಟ್ಲು ಇಡಲಿ. ಏಷ್ಯಾ ಯಾಕೆ ತಂದ್ರಿ ಮಧ್ಯೆ? ಅವತ್ತು ಗುಟ್ಟು ಬಯಲಾದ್ರೆ ನಿಮ್ಮ ಮಾನ ಹೋಗೋದಿರಲಿ, ನಿಮ್ಮ ಆ ಶಾಲೆ ಮಾನಾನೂ ನೋಟೀಸ್ ಬೋರ್ಡಿಗೆ ಬೀಳತ್ತೆ.”

ನಾಣಿಗೆ ಬೇಕಿದ್ದದ್ದು ಇಷ್ಟೆ. ಪರೇಲಿನ ಗಿರಣಿ ಗಲ್ಲಿಯ ಮುನ್ಸಿಪಲ್ ಕನ್ನಡ ಹೈಸ್ಕೂಲೆಂದರೆ ಯಾರೂ ನಗಬಾರದು. ಏಷ್ಯಾ ಸುಳ್ಳಿರಬಹುದು, ಆದರೆ ಕೊರಗಪ್ಪ ಗೆದ್ದದ್ದು ಸುಳ್ಳಲ್ಲ. ಶಾಲೆಯ ಕೊನೆಯ ವರ್ಷ ಅಂತರಶಾಲಾ ಎಂಟುನೂರು ಮೀಟರ್ ಓಟದಲ್ಲಿ ಬರಿಗಾಲಲ್ಲಿ ಓಡಿ ಮೊದಲು ಬಂದವನು ಅವನು. ಶೀಲ್ಡು ವಾರ್ಡ್ ಆಫೀಸಿನಿಂದ ಬರಬೇಕಿತ್ತು, ಬರಲಿಲ್ಲ. ಯಾವನೋ ಗುಮಾಸ್ತ ಅದನ್ನು ಮನೆಗೆ ಒಯ್ದು ಗೋಡೆಗೆ ತೂಗುಹಾಕಿಕೊಂಡಿದ್ದಾನೆ ಎಂದು ನಾಣಿ ಐವತ್ತು ವರ್ಷದಿಂದ ನಂಬಿದ್ದ. ಮನೆಯ ನಲ್ಲಿ ನಿಂತಾಗಲೆಲ್ಲ ಆ ಗುಮಾಸ್ತನಿಗೊಂದು ಶಾಪ ಹಾಕುತ್ತಿದ್ದ.

ಮಾರನೇ ದಿನವೇ ಲೋಕಲ್ ಹಿಡಿದು ಪರೇಲಿಗೆ ಹೊರಟ. ಹೋಟೆಲಿಗೆ ಮುಂಚೆ ಗಿರಣಿ ಗಲ್ಲಿಗೆ ಕಾಲು ತಾನಾಗಿ ತಿರುಗಿತು. ಗಿರಣಿ ಇದ್ದಲ್ಲಿ ಈಗ ಗಾಜಿನ ಗೋಪುರ. ಅದರೊಳಗೆ ಕೊರಳಿಗೆ ಪಟ್ಟಿ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಲಿಫ್ಟಿಗೆ ಕ್ಯೂ ನಿಂತಿದ್ದರು. ಶಾಲೆಯ ಕಟ್ಟಡ ಹಾಗೇ ಇತ್ತು. ಗೇಟಿಗೆ ಬೀಗ. ಮಕ್ಕಳಿಲ್ಲವೆಂದು ಕನ್ನಡ ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಚುನಾವಣೆ ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ ಎಂದ ವಾಚ್‌ಮನ್. ನಾಣಿ ಸರಳಿನ ಸಂದಿಯಲ್ಲಿ ಮುಖವಿಟ್ಟು ನೋಡಿದ. ನಾಟಕ ಆಡುತ್ತಿದ್ದ ಸಿಮೆಂಟಿನ ಕಟ್ಟೆ ಕಂಡಿತು. ಇಷ್ಟು ಚಿಕ್ಕದಿತ್ತೇ ಎಂದು ಅವನಿಗೆ ಅಳು ಬಂದಂತಾಯಿತು. ಈ ಸಲ ಬಾಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ಕೊರಗಪ್ಪನ ಹೋಟೆಲು ಆಸ್ಪತ್ರೆಯ ಎದುರಿಗೇ. ರೋಗಿಗಳ ಕಡೆಯವರಿಗೆ ಗಂಜಿ, ಡಾಕ್ಟರುಗಳಿಗೆ ಮಸಾಲೆದೋಸೆ, ವ್ಯಾಪಾರ ಜೋರು. ನಾಣಿ ಒಳಗೆ ಕಾಲಿಟ್ಟದ್ದೇ ತಡ, ನೀರಿನ ಲೋಟ ಹಿಡಿದು ಬರುತ್ತಿದ್ದ ಹಳೆಯ ಸಪ್ಲೈಯರ್ ಮೋನಪ್ಪ ನಡುದಾರಿಯಲ್ಲೇ ನಿಂತುಬಿಟ್ಟ. ನಾಣಿಯ ಮುಖ ನೋಡಿದ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆ ನೋಡಿದ, ಮತ್ತೆ ನಾಣಿಯ ಮುಖ ನೋಡಿದ. ಗೋಡೆಯಲ್ಲಿ ಗಣಪತಿ, ಕಟೀಲು ದೇವಿ, ಅವರ ಪಕ್ಕದಲ್ಲೇ ಗಾಜು ಹಾಕಿಸಿದ ಒಂದು ಶಾಲಾ ನಾಟಕದ ಫೋಟೋ. ಅಂಚಿನಲ್ಲಿ ಭರ್ಜಿ ಹಿಡಿದು, ತನಗಿಂತ ದೊಡ್ಡ ಮೀಸೆ ಅಂಟಿಸಿಕೊಂಡು ನಿಂತ ಒಂದು ನರಪೇತಲ ದ್ವಾರಪಾಲಕ. ಅವನಿಗೂ ದಿನಾ ಒಂದು ಹೂವು ಬೀಳುತ್ತಿತ್ತು.

“ನಾಣಿ ಸಾರ್ ಅಲ್ವಾ?” ಎಂದ ಮೋನಪ್ಪ. “ಓ ಧನಿಗಳೇ, ನಿಮ್ಮ ದೊಡ್ಡ ಆಕ್ಟರ್ ಬಂದ್ರು!”

ಅಡಿಗೆಮನೆಯಿಂದ ನಾಲ್ಕು ಮಂದಿ ಓಡಿಬಂದರು. ಒಬ್ಬನ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ. ಸಿನೆಮಾದವರು ಮನೆ ಬಾಗಿಲಿಗೆ ಬಂದರೂ ಹೋಗದ ಮಹಾನಟರು ಇವರೇ ಎಂದು ಮೋನಪ್ಪ ಗಿರಾಕಿಗಳಿಗೆಲ್ಲ ಪರಿಚಯ ಮಾಡಿಸಿದ. ಒಬ್ಬ ಡಾಕ್ಟರು ದೋಸೆ ಬಿಟ್ಟು ಎದ್ದು ಕೈ ಕುಲುಕಿದರು. ನಾಣಿ ಗಾಬರಿಯಾಗಿ, “ಒಂದು ಕಾಫಿ ಕೊಡಪ್ಪಾ,” ಎಂದ.

“ಸ್ವರ ಕೇಳಿದ್ರಾ, ಸ್ವರ!” ಎಂದು ಮೋನಪ್ಪ ರೋಮಾಂಚನಗೊಂಡ.

ಅಷ್ಟರಲ್ಲಿ ಕೊರಗಪ್ಪ ಬಂದ. ಮೊದಲು ಹೊಟ್ಟೆ ಬಂತು, ಆಮೇಲೆ ಹೆಂಡತಿ ಶೀಲಾವತಿಯ ಭುಜ ಹಿಡಿದುಕೊಂಡು ಉಳಿದ ಕೊರಗಪ್ಪ. “ಎಂತ ಮಾರಾಯ, ದಾರಿ ತಪ್ಪಿತಾ ಈ ಕಡೆಗೆ!” ಎಂದು ಅಪ್ಪಿಕೊಂಡ. ನಾಣಿ ಮಾಯವಾದ.

ಆ ಅಪ್ಪುಗೆಯಿಂದ ಹೊರಗೆ ಬಂದ ಮೇಲೆ ನಾಣಿ ಪಿಸುಗುಟ್ಟಿದ. “ಏನೋ ಇದು, ನಾನು ಯಾವತ್ತು ಆಕ್ಟರ್ ಆಗಿದ್ದೆ? ದ್ವಾರಪಾಲಕ ಕಣೋ ನಾನು. ಒಂದೇ ಮಾತು ಇದ್ದಿದ್ದು. ‘ಮಹಾರಾಜರು ಬರುತ್ತಿದ್ದಾರೆ’ ಅಂತ.”

“ಅದನ್ನೇ ಹೇಳಿದ್ದು ನಾನು. ಅಷ್ಟು ಹೊತ್ತು ಯಾರು ಹೇಳ್ತಾರೆ ಅದನ್ನು?”

ಅದು ಅವರ ಶಾಲೆಯ ಕೊನೆಯ ಗ್ಯಾದರಿಂಗು. ಶ್ರೀಶೈಲ ಮಾಸ್ತರರು ತಾವೇ ಬರೆದ ‘ವೀರ ಚಂಡಸೇನ’ ನಾಟಕ. ಎದುರಿಗೆ ನೆಲದ ಮೇಲೆ ಗಿರಣಿಯ ಕೆಲಸಗಾರರು, ಅವರ ಹೆಂಡಿರು ಮಕ್ಕಳು. ಪರದೆ ಎದ್ದಾಗ ನಾಣಿ ಒಬ್ಬನೇ ಭರ್ಜಿ ಹಿಡಿದು ನಿಂತು, “ಮಹಾರಾಜರು ಬರುತ್ತಿದ್ದಾರೆ!” ಎಂದ. ಮಹಾರಾಜರು ಬರಲಿಲ್ಲ. ಚಂಡಸೇನನ ಪಾತ್ರ ಕೊರಗಪ್ಪನದು, ಅವನು ಮೈದಾನದಲ್ಲಿ ಓಟದ ಪಂದ್ಯಕ್ಕೆ ಹೋಗಿದ್ದ. “ಏ ನಾಣಿ, ಸುಮ್ಮ ನಿಂದ್ರಬ್ಯಾಡೋ, ಏನರ ಮಾತಾಡು!” ಎಂದು ಮಾಸ್ತರರು ಪಕ್ಕದಿಂದ ಹಲ್ಲು ಕಡಿದರು. ನಾಣಿ ಮಾತಾಡಿದ. ಮಹಾರಾಜರು ಅಂತಃಪುರ ಬಿಟ್ಟರು ಎಂದ. ಮಹಾರಾಜರು ಪಾದರಕ್ಷೆ ಹುಡುಕುತ್ತಿದ್ದಾರೆ ಎಂದ. ರಥಕ್ಕೆ ಜಾಗ ಸಿಗದೆ ಮಹಾರಾಜರು ಬಸ್ಸಿಗೆ ಕ್ಯೂ ನಿಂತಿದ್ದಾರೆ, ಕಂಡಕ್ಟರು ಚಿಲ್ಲರೆ ಕೇಳುತ್ತಿದ್ದಾನೆ ಎಂದ. ಕೆಲಸಗಾರರು ಹೊಟ್ಟೆ ಹಿಡಿದು ನಕ್ಕರು. ನಾಣಿ ಮಾತ್ರ ಮಾನ ಹೋಯಿತೆಂದೇ ತಿಳಿದಿದ್ದ. ಕೊನೆಗೆ ಓಟದ ಚಡ್ಡಿಯಲ್ಲೇ, ತಲೆಗೆ ಕಿರೀಟವಿಟ್ಟುಕೊಂಡು, ಏದುಸಿರು ಬಿಡುತ್ತ ಕೊರಗಪ್ಪ ರಂಗಕ್ಕೆ ನುಗ್ಗಿ ಕೈ ಎತ್ತಿದ. ಗೆದ್ದು ಬಂದಿದ್ದಾನೆ ಎಂದು ಇಡೀ ಶಾಲೆ ಕುಣಿಯಿತು.

“ಹೋಗ್ಲಿ ಬಿಡು. ಈಗ ನನ್ನ ಮಾನ ನಿನ್ನ ಕೈಲಿದೆ,” ಎಂದು ನಾಣಿ ವಡೆಯಿಂದ ಏಷ್ಯಾದವರೆಗಿನ ಕಥೆ ಹೇಳಿದ. “ಏಷ್ಯಾ ಮಾತು ಬಂದ್ರೆ ಕೆಮ್ಮಿಬಿಡು. ಎಂಟುನೂರು ಮೀಟರ್ ಗೆದ್ದಿದ್ದು ಜೋರಾಗಿ ಹೇಳು. ಅದಂತೂ ಸತ್ಯ ತಾನೇ?”

ಕೊರಗಪ್ಪ ಆಗಲೇ ಕೆಮ್ಮಲು ಶುರುಮಾಡಿದ. ಶೀಲಾವತಿ ಬೆನ್ನು ತಟ್ಟಿದಳು. “ಇವರ ಮೊಣಕಾಲು ನೋಡಿದ್ದೀರಾ ಅಣ್ಣಾ? ಮೆಟ್ಲು ಹತ್ಲಿಕ್ಕೆ ಇಬ್ರು ಬೇಕು. ಅಲ್ಲಿ ಯಾರಾದ್ರೂ ಓಡಿ ತೋರ್ಸಿ ಅಂದ್ರೆ ಎಂತ ಮಾಡುದು?”

“ಬರ್ತೇನೆ ಮಾರಾಯ, ಬರ್ತೇನೆ,” ಎಂದ ಕೊರಗಪ್ಪ. ಆದರೆ ನಾಣಿಯ ಕಣ್ಣು ತಪ್ಪಿಸಿ ಗೋಡೆಯ ಫೋಟೋ ನೋಡುತ್ತಿದ್ದ.

ಇಪ್ಪತ್ತಾರರ ಬೆಳಿಗ್ಗೆ ಸೊಸೈಟಿಯ ಅಂಗಳ ತುಂಬಿತ್ತು. ಪಕ್ಕದ ಎರಡು ಬಿಲ್ಡಿಂಗಿನವರೂ ಬಂದಿದ್ದರು. ಟ್ಯಾಕ್ಸಿಯಿಂದ ಮೊದಲು ಮೋನಪ್ಪ ಉಪ್ಪಿಟ್ಟಿನ ಪಾತ್ರೆ ಇಳಿಸಿದ, ಆಮೇಲೆ ಶೀಲಾವತಿಯೂ ಮೋನಪ್ಪನೂ ಸೇರಿ ಏಷ್ಯಾದ ಚಾಂಪಿಯನ್ನನನ್ನು ಇಳಿಸಿದರು. ಜನ ಟ್ಯಾಕ್ಸಿಯೊಳಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಪೋಸ್ಟರಿನಲ್ಲಿದ್ದವನು ಕಾಣಲಿಲ್ಲ.

“ಬಹುಶಃ ಕೋಚ್ ಇರಬೇಕು,” ಎಂದರು ಯಾರೋ. ವಿನೋದಿನಿಬೆನ್ ಮೊಬೈಲ್ ಎತ್ತಿ ಚಿತ್ರೀಕರಣ ಶುರುಮಾಡಿದರು. ವಿಮಲಾ ಸೆರಗನ್ನು ಬಾಯಿಗಿಟ್ಟುಕೊಂಡು ಕೊನೆಯ ಸಾಲಿಗೆ ಸರಿದಳು.

ಬಾವುಟ ಹಾರಿತು. ಸಬ್ನೀಸರು ಮೈಕ್ ಹಿಡಿದು ಹತ್ತು ನಿಮಿಷ ಏಷ್ಯಾ ಖಂಡವನ್ನು ವರ್ಣಿಸಿ, ಕೊನೆಗೆ ಕೊರಗಪ್ಪನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು. “ಸರ್, ವೋ ಮೆಡಲ್ ಲಾಯೇ ಹೈಂ ಕ್ಯಾ? ಬಚ್ಚೋಂ ಕೋ ದಿಖಾಯಿಯೇ.” ಮೆಡಲ್ ತಂದಿದ್ದರೆ ಮಕ್ಕಳಿಗೆ ತೋರಿಸಿ ಎಂದು.

ಕೊರಗಪ್ಪ ಮೈಕ್ ತೆಗೆದುಕೊಂಡ. ನಾಣಿ ಕೆಮ್ಮಿ ತೋರಿಸಿದ. ಕೊರಗಪ್ಪ ಕೆಮ್ಮಲಿಲ್ಲ.

“ಮೆಡಲ್ ನಹೀ ಹೈ,” ಎಂದ. “ಏಷ್ಯಾ ನಹೀ, ನ್ಯಾಷನಲ್ ನಹೀ. ಮೈಂ ಕುಛ್ ನಹೀ ಜೀತಾ. ಮೈಂ ತೋ ದೌಡಾ ಹೀ ನಹೀ.” ಏನೂ ಗೆದ್ದಿಲ್ಲವಂತೆ, ಓಡಲೇ ಇಲ್ಲವಂತೆ. ಕೊರಗಪ್ಪ ನಾಣಿಯ ಕಡೆ ತಿರುಗಿ ಕನ್ನಡಕ್ಕೆ ಇಳಿದ. “ಸುಳ್ಳು ಸಾಕು ನಾಣಿ. ಅವತ್ತು ಫೈನಲ್ಲಿಗೆ ಗೆರೆ ಮೇಲೆ ನಿಂತಿದ್ದೆ. ಯಾರೋ ಸಾಹೇಬ್ರು ಬರ್ಲಿಲ್ಲ ಅಂತ ಲೇಟ್ ಮಾಡಿದ್ರು. ಅಷ್ಟೊತ್ತಿಗೆ ಪಾಳಿ ಬಿಡುವ ಗಿರಣಿ ಭೋಂಗಾ ಕೂಗಿತು. ನಾಟಕ ಶುರುವಾಗುವ ಹೊತ್ತು. ನೀನು ಭರ್ಜಿ ಹಿಡ್ಕೊಂಡು ಒಬ್ಬನೇ ನಿಂತಿರ್ತಿ ಅಂತ ನೆನಪಾಯ್ತು. ಬಿಟ್ಟು ಬಂದೆ.”

ನಾಣಿ ತನ್ನ ಕುರ್ಚಿಯಿಂದ ಎದ್ದ. ಅವನ ಮುಖ ಕೆಂಪಾಗಿತ್ತು. ಸಬ್ನೀಸರ ಕೈಯಿಂದ ಇನ್ನೊಂದು ಮೈಕ್ ಕಿತ್ತುಕೊಂಡ.

“ಕತ್ತೆ! ನಿನ್ನ ಯಾರೋ ಬಾ ಅಂದಿದ್ದು? ಗೆಲ್ತಿದ್ಯಲ್ಲೋ! ಮೊದಲ ಸುತ್ತಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ಯಲ್ಲೋ!”

ಜನ ಸಂಹಿತಾಳ ಕಡೆ ನೋಡಿದರು. ಅವಳು ಎದ್ದುನಿಂತು, ಕೊರಗಪ್ಪ ಓಟ ಬಿಟ್ಟು ಬಂದ ಕಥೆಯಿಂದಲೇ ತರ್ಜುಮೆಗೆ ತೊಡಗಿದಳು. “ಪಪ್ಪಾ ಕೆಹ್ ರಹೇ ಹೈಂ ಕಿ ಅಂಕಲ್ ಗಧಾ ಹೈಂ. ಮತ್ಲಬ್, ಪ್ಯಾರ್ ಸೇ.” ಅಂಕಲ್ ಕತ್ತೆಯಂತೆ, ಅದೂ ಪ್ರೀತಿಯಿಂದ.

“ನಾನು ಸಂಭಾಳಿಸ್ತಿರ್ಲಿಲ್ವೇನೋ? ರಾಜನ್ನ ಬಸ್ ಕ್ಯೂವರೆಗೂ ತಂದಿದ್ದೆ! ಇನ್ನೂ ರೇಷನ್ ಅಂಗಡಿಗೆ ಕಳಿಸ್ಬಹುದಿತ್ತು!”

“ಎಂತ ಸಂಭಾಳಿಸುದು? ಹಿಂದಿನಿಂದ ಬರುವಾಗ ಕಂಡೆ ನಾನು. ಕಾಲು ಗಡಗಡ ನಡುಗ್ತಾ ಉಂಟು, ಬಾಯಿ ಮಾತ್ರ ನಿಲ್ಲುದಿಲ್ಲ. ಅಂಥ ಆಕ್ಟಿಂಗ್ ನಾನು ಮತ್ತೆ ಎಲ್ಲಿಯೂ ನೋಡ್ಲಿಲ್ಲ ಮಾರಾಯ.”

“ಮತ್ತೆ ಕೈ ಯಾಕೆ ಎತ್ತಿದೆ ಸ್ಟೇಜಿಗೆ ಬಂದು?”

“ಉಸಿರು ಸಿಗ್ಲಿಲ್ಲ! ತಡಿ ಅಂತ ಹೇಳಿದ್ದು! ಇಡೀ ಶಾಲೆ ಕುಣಿಲಿಕ್ಕೆ ಶುರುಮಾಡಿದ್ರೆ ನಾನೆಂತ ಮಾಡ್ಲಿ? ನಿಜ ಹೇಳಿದ್ರೆ ನೀನು ಅಳ್ತಿದ್ದಿ.”

“ಐವತ್ತು ವರ್ಷ ವಾರ್ಡ್ ಆಫೀಸಿನವನಿಗೆ ಶಾಪ ಹಾಕಿದೀನಲ್ಲೋ! ಪಾಪ, ಅವನ ಮಕ್ಕಳು ಮರಿ ಏನಾದ್ರೋ!” ಎಂದ ನಾಣಿ. ಮೈಕ್ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡ. ಮೈಕು ಕೊರ್ ಎಂದು ಕಿರುಚಿತು.

ಸಂಹಿತಾ ತರ್ಜುಮೆ ನಿಲ್ಲಿಸಿದ್ದಳು. ಅವಳ ಮೂಗು ಕೆಂಪಾಗಿತ್ತು. ಕೊನೆಗೆ ವಿನೋದಿನಿಬೆನ್ ಮೊಬೈಲು ಕೆಳಗಿಳಿಸಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. “ಫಿರ್ ವೋ ರೇಸ್ ಜೀತಾ ಕೌನ್?” ಹಾಗಾದರೆ ಆ ರೇಸು ಗೆದ್ದವರು ಯಾರು ಎಂದು.

ಕೊರಗಪ್ಪ ತಲೆ ಕೆರೆದುಕೊಂಡ. ಅದನ್ನು ಯೋಚಿಸಿದ್ದು ಅದೇ ಮೊದಲಿರಬೇಕು. “ಮಾಲೂಮ್ ನಹೀ ಬೆಹೆನ್,” ಎಂದ. “ಕೋಯೀ ತೋ ಜೀತಾ ಹೋಗಾ.” ಗೊತ್ತಿಲ್ಲ, ಯಾರೋ ಒಬ್ಬ ಗೆದ್ದಿರಬೇಕು.

ಆಮೇಲೆ ಬಿದ್ದ ಚಪ್ಪಾಳೆಗೆ ಅಂಗಳದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅಡ್ಮಿರಲ್ಲಿಗೆ ಬಿದ್ದದ್ದಕ್ಕಿಂತ ಜಾಸ್ತಿಯೇ ಇತ್ತು ಎಂದು ಲಿಫ್ಟ್‌ಮನ್ ಆಮೇಲೆ ಸಾಕ್ಷಿ ನುಡಿದ. ಕೊನೆಯ ಸಾಲಿನಿಂದ ವಿಮಲಾ ಮೊದಲ ಸಾಲಿಗೆ ಬಂದು ಕೂತಳು. ಪಕ್ಕದವಳಿಗೆ, “ನಮ್ಮೆಜಮಾನ್ರ ಶಾಲೆಯೋರು,” ಎಂದಳು. ಜಡ್ಜಿಗಳ ಹೆಸರು ಆವತ್ತು ಅವಳ ಬಾಯಲ್ಲಿ ಬರಲಿಲ್ಲ.

ಉಪ್ಪಿಟ್ಟಿನ ಪ್ಲೇಟು ಹಿಡಿದು ಗೆಳೆಯರಿಬ್ಬರೂ ಒಂದು ಮೂಲೆಯಲ್ಲಿ ಇನ್ನೂ ಜಗಳವಾಡುತ್ತಿದ್ದಾಗ ಸಬ್ನೀಸರು ಬಂದರು. ಜತೆಗೆ ಅವರ ಮೊಮ್ಮಗ, ಐದು ವರ್ಷದವನು. ಸಬ್ನೀಸರು ಆಚೀಚೆ ನೋಡಿ ದನಿ ತಗ್ಗಿಸಿದರು. ಅಡ್ಮಿರಲ್ ಬಂದಿದ್ದರಲ್ಲ, ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅವರಿಗೆ ತಮ್ಮ ಹೆಸರೇ ನೆನಪಿರಲಿಲ್ಲ ಎಂದರು. ಮೊಮ್ಮಗನನ್ನು ದೊಡ್ಡ ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸಿದ್ದಾರೆ, ಕುದುರೆ ಸವಾರಿ ಕಲಿಸುತ್ತಾರೆ, ಆದರೆ ಪೆನ್ಸಿಲ್ ಮರೆತು ಹೋದ ದಿನ ಒಂದು ಪೆನ್ಸಿಲ್ ಕೊಡುವ ಹುಡುಗ ಇಲ್ಲ ಎಂದರು. ಆಮೇಲೆ ನಾಣಿಯ ತೋಳು ಹಿಡಿದುಕೊಂಡರು.

“ರಾವ್‌ಸಾಹೇಬ್, ತುಮಚ್ಯಾ ತ್ಯಾ ಶಾಳೇತ್ ಹ್ಯಾಲಾ ಆಡ್ಮಿಶನ್ ಮಿಳೇಲ್ ಕಾ? ಕನ್ನಡ ತರ್ ಕನ್ನಡ. ಶಿಕೇಲ್ ತೋ.”

ನಿಮ್ಮ ಆ ಶಾಲೆಯಲ್ಲಿ ಇವನಿಗೆ ಸೀಟು ಸಿಕ್ಕೀತೇ, ಕನ್ನಡವಾದರೆ ಕನ್ನಡವೇ ಆಗಲಿ, ಕಲಿಯುತ್ತಾನೆ.

ನಾಣಿ ಬಾಯಿ ತೆರೆದ. ಗೇಟಿನ ಬೀಗ, ಸರಳು, ಚಿಕ್ಕದಾಗಿ ಕಂಡ ಕಟ್ಟೆ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಕೊರಗಪ್ಪ ಉಪ್ಪಿಟ್ಟು ನೋಡುತ್ತಲೇ ಮೊಣಕೈಯಿಂದ ಅವನನ್ನು ತಿವಿದ.

“ಫುಲ್ ಆಗಿದೆ ಅಂತ ಹೇಳು ಮಾರಾಯ,” ಎಂದು ಪಿಸುಗುಟ್ಟಿದ.

ನಾಣಿ ಹುಡುಗನ ತಲೆ ಸವರಿದ.

“ಬಹುತ್ ಮುಶ್ಕಿಲ್ ಹೈ ಸಾಬ್,” ಎಂದ. “ಇಸ್ ಸಾಲ್ ತೋ ಏಕ್ ಭೀ ಸೀಟ್ ನಹೀ.”